ಹೊಟ್ಟು ಬಂದರೆ ಎಣ್ಣೆ ಸಾಲದು ಅಂತಲ್ಲ

ಮಳೆಗಾಲ ಮುಗಿಯುವವರೆಗೂ ಕಾರವಾರದಲ್ಲಿ ಒಣಗದೇ ಉಳಿಯುವುದು ಎರಡು: ದಪ್ಪ ಜೀನ್ಸ್ ಪ್ಯಾಂಟು ಮತ್ತು ಉದ್ದ ಜಡೆ. ಪ್ಯಾಂಟನ್ನು ಫ್ಯಾನಿನ ಕೆಳಗೆ ಕುರ್ಚಿಗೆ ಹಾಕಿ ಹೇಗೋ ಸಂಭಾಳಿಸುತ್ತೇವೆ. ಜಡೆಗೆ ಅಷ್ಟು ಪುರುಸೊತ್ತಿಲ್ಲ. ಹಸಿ ಇರುವಾಗಲೇ ತುರುಬು ಕಟ್ಟಿ, ಮೇಲೊಂದು ಕ್ಲಿಪ್ ಸಿಕ್ಕಿಸಿ ಬಸ್ಸಿಗೆ ಓಡುತ್ತೇವೆ. ಸಂಜೆ ಬಿಚ್ಚಿದರೆ ಒಳಗೆ ಇನ್ನೂ ಹಸಿ, ಜೊತೆಗೊಂದು ಮುಗ್ಗಲು ವಾಸನೆ. ಆಮೇಲೆ ತುರಿಕೆ. ಆಮೇಲೆ ಹೆಗಲ ಮೇಲೆ ಬಿಳಿ ಹೊಟ್ಟು.

ನಾನು ಶಿರಸಿ ಕಡೆಯ ಹಳ್ಳಿಯವಳು. ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಬಂದ ಮೊದಲ ಮಳೆಗಾಲದಲ್ಲೇ ನನಗೆ ಈ ಹೊಟ್ಟು ಶುರುವಾಯಿತು. ಊರಿಗೆ ಹೋದಾಗ ಆಯಿ ತಲೆ ಬಗ್ಗಿಸಿ ನೋಡಿ ಹೇಳಿದ್ದು ಒಂದೇ ಮಾತು: “ತಲೆ ಒಣಗೋಜು ಕೂಸೆ, ಎಣ್ಣೆ ಸಾಲ್ತಿಲ್ಲೆ.” ಅವತ್ತೇ ಬಟ್ಟಲು ತುಂಬ ಕೊಬ್ಬರಿ ಎಣ್ಣೆ ಬಿಸಿ ಮಾಡಿ ನೆತ್ತಿಗೆ ತಟ್ಟಿದರು. ಕಾರವಾರಕ್ಕೆ ಮರಳಿದ ಮೇಲೂ ವಾರಕ್ಕೆ ಮೂರು ರಾತ್ರಿ ಹಾಗೇ ಹಚ್ಚಿ ಮಲಗಿದೆ. ಹೊಟ್ಟು ಹೋಗಲಿಲ್ಲ. ಮೊದಲು ಹುಡಿಯಾಗಿ ಉದುರುತ್ತಿದ್ದದ್ದು ಈಗ ಹಳದಿ ಮೇಣದ ಹಾಗೆ ಉಗುರಿಗೆ ಅಂಟತೊಡಗಿತು.

ಆಯಿಯನ್ನು ದೂರುವ ಹಾಗಿಲ್ಲ. ಬಿಳಿ ಹುಡಿ ಉದುರಿದರೆ ಯಾರಿಗಾದರೂ ಚರ್ಮ ಒಣಗಿದೆ ಅಂತಲೇ ಅನ್ನಿಸುತ್ತದೆ. ಆದರೆ ತಲೆಹೊಟ್ಟು ಹೆಚ್ಚಿನ ಸಲ ಜಿಡ್ಡು ತಲೆಯ ತೊಂದರೆ, ಒಣ ತಲೆಯದ್ದಲ್ಲ.

ಅದು ಆಗುವುದು ಹೀಗೆ. ನಮ್ಮೆಲ್ಲರ ತಲೆಯ ಮೇಲೂ ಮಲಸೀಜಿಯಾ ಎಂಬ ಫಂಗಸ್ ಇದ್ದೇ ಇರುತ್ತದೆ. ಹೊಟ್ಟು ಇಲ್ಲದವರ ತಲೆಯಲ್ಲೂ ಇರುತ್ತದೆ. ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಹಾಗಾಗಿ ತಲೆಯ ಚರ್ಮ ಸುರಿಸುವ ಜಿಡ್ಡನ್ನೇ ಒಡೆದು ತಿನ್ನುತ್ತದೆ. ತಿಂದು ಬಿಟ್ಟ ಚೂರುಗಳಲ್ಲಿ ಓಲಿಕ್ ಆಮ್ಲ ಎಂಬುದೊಂದು ಉಳಿಯುತ್ತದೆ. ಕೆಲವರ ಚರ್ಮಕ್ಕೆ ಅದು ಏನೂ ಮಾಡುವುದಿಲ್ಲ, ಇನ್ನು ಕೆಲವರ ಚರ್ಮಕ್ಕೆ ಸಹಿಸಲು ಆಗುವುದಿಲ್ಲ. ಆಗದ ಚರ್ಮ ಕೆರಳಿ, ಗಡಿಬಿಡಿಯಲ್ಲಿ ಹೊಸ ಪದರ ಕಟ್ಟುತ್ತದೆ. ಸುಮಾರು ತಿಂಗಳು ಹಿಡಿಯುವ ಕೆಲಸವನ್ನು ಕೆಲವೇ ದಿನಗಳಲ್ಲಿ ಮಾಡಿದರೆ ಏನಾದೀತು? ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಉದುರಬೇಕಾದ ಹಳೆಯ ಚರ್ಮ ಗುಂಪುಗುಂಪಾಗಿ ಏಳುತ್ತದೆ. ಅದೇ ಹೊಟ್ಟು. ಇನ್ನೂ ಜೋರಾಗಿ, ಕೆಂಪಾಗಿ, ಹುಬ್ಬಿಗೂ ಮೂಗಿನ ಪಕ್ಕಕ್ಕೂ ಬಂದರೆ ಡಾಕ್ಟರು ಅದನ್ನು ಸೆಬೊರಿಕ್ ಡರ್ಮಟೈಟಿಸ್ ಎನ್ನುತ್ತಾರೆ.

ಹಾಗಾದರೆ ನೆತ್ತಿಗೆ ಎಣ್ಣೆ ಸುರಿದು ರಾತ್ರಿಯಿಡೀ ಬಿಡುವುದು ಅಂದರೆ ಆ ಫಂಗಸ್ಸಿಗೆ ಊಟ ಬಡಿಸಿ ಇಟ್ಟ ಹಾಗೆ. ಜೊತೆಗೆ ಒದ್ದೆ ತುರುಬಿನ ಬೆಚ್ಚಗಿನ ಗೂಡು. ಅದಕ್ಕೆ ಇನ್ನೇನು ಬೇಕು?

ಇಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಂಡರೆ ಮುಂದಿನದೆಲ್ಲ ಸುಲಭ. ಕೂದಲು ಬೇರೆ, ಕೂದಲು ಹುಟ್ಟುವ ಚರ್ಮ ಬೇರೆ. ಚರ್ಮ ಜೀವಂತ. ಅದಕ್ಕೆ ರಕ್ತ ಬೇಕು, ಅದು ಬೆವರುತ್ತದೆ, ಕೆರಳುತ್ತದೆ, ವಾಸಿಯಾಗುತ್ತದೆ. ಹೊರಗೆ ಕಾಣುವ ಕೂದಲು ಮಾತ್ರ ಉಗುರಿನ ಹಾಗೆ ಜೀವವಿಲ್ಲದ್ದು, ಕೆರಾಟಿನ್ ಎಂಬ ಪ್ರೋಟೀನ್. ಅದನ್ನು ಜೋಪಾನ ಮಾಡಬಹುದು, ಗುಣ ಮಾಡಲು ಬರುವುದಿಲ್ಲ. ತುದಿ ಸೀಳಿದ ಕೂದಲನ್ನು ಮತ್ತೆ ಕೂಡಿಸುವ ಎಣ್ಣೆ ಜಗತ್ತಿನಲ್ಲಿ ಎಲ್ಲೂ ಇಲ್ಲ, ಕತ್ತರಿಯೇ ಗತಿ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಆಗಿಬರಬೇಕು ಅಂತೇನೂ ಇಲ್ಲ. ನಮ್ಮ ಮನೆಗಳಲ್ಲಿ ತಲೆಗೆ ಮಾಡುವ ಉಪಚಾರಗಳಲ್ಲಿ ಅರ್ಧದಷ್ಟು ಎಡವುವುದು ಇಲ್ಲೇ ಅಂತ ನನ್ನ ಅಂದಾಜು.

ಕೂದಲಿನ ಎಳೆಯನ್ನು ನೋಡಬೇಕಾದರೆ ನಮ್ಮ ಕಡೆಯ ಮನೆಯ ಮಾಡು ನೋಡಿದರೆ ಸಾಕು. ಒಂದರ ಮೇಲೊಂದು ಹಂಚು ಹೊದೆಸಿದ ಹಾಗೆ ಎಳೆಯ ಹೊರಮೈಯಲ್ಲಿ ಸಣ್ಣ ಸಣ್ಣ ಪದರಗಳಿರುತ್ತವೆ, ಎಲ್ಲದರ ತುದಿಯೂ ಜಡೆಯ ತುದಿಯ ಕಡೆಗೆ. ಹಂಚು ಸರಿಯಾಗಿ ಕೂತಿದ್ದರೆ ನೀರು ಜಾರಿಹೋಗುತ್ತದೆ, ಬೆಳಕು ಬಿದ್ದಾಗ ಹೊಳೆಯುತ್ತದೆ. ಹಂಚು ಎದ್ದರೆ ಒಳಗೆ ಸೋರುತ್ತದೆ, ಒಂದು ಎಳೆ ಇನ್ನೊಂದಕ್ಕೆ ಸಿಕ್ಕಿಕೊಂಡು ಜಟೆಯಾಗುತ್ತದೆ. ಮೈ ಸೋಪಿನಲ್ಲಿ ತಲೆ ತೊಳೆದರೆ ಕೂದಲು ಒರಟಾಗುವುದು ಇದಕ್ಕೇ. ಸೋಪು ಕ್ಷಾರ, ಅದು ಹಂಚನ್ನು ಎಬ್ಬಿಸುತ್ತದೆ. ಒದ್ದೆ ತಲೆಯನ್ನು ಟವೆಲಿನಿಂದ ಗಸಗಸ ತಿಕ್ಕಿದರೂ ಅದೇ ಕಥೆ. ನೀರು ಕುಡಿದ ಕೂದಲು ಉಬ್ಬಿ ಮೆತ್ತಗಾಗಿರುತ್ತದೆ, ಎಳೆದರೆ ಬೇಗ ತುಂಡಾಗುತ್ತದೆ. ಆಗ ಬಾಚಲೇಬೇಕೆಂದರೆ ಅಗಲ ಹಲ್ಲಿನ ಹಣಿಗೆ ಹಿಡಿದು ತುದಿಯಿಂದ ಶುರುಮಾಡಿ ಮೇಲೆ ಬನ್ನಿ. ಮೇಲಿಂದ ಎಳೆದರೆ ಗಂಟುಗಳೆಲ್ಲ ಕೆಳಗೆ ಸೇರಿ ಬಿಗಿಯುತ್ತವೆ.

ಕೊಬ್ಬರಿ ಎಣ್ಣೆ ನಿಜವಾಗಿ ಕೆಲಸಕ್ಕೆ ಬರುವುದು ಈ ಹಂಚಿನ ವಿಷಯದಲ್ಲಿ. ಅದರ ಅರ್ಧದಷ್ಟು ಭಾಗ ಲಾರಿಕ್ ಆಮ್ಲ. ಇದರ ಅಣು ಚಿಕ್ಕದು, ನೇರವಾದದ್ದು, ಹಾಗಾಗಿ ಎಳೆಯ ಒಳಗೇ ಇಳಿಯುತ್ತದೆ. 2003ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ್ದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ. (ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ. ಅದನ್ನೂ ತಿಳಿದಿರುವುದು ಒಳ್ಳೆಯದು.) ಅಂದರೆ ತೊಳೆಯುವುದಕ್ಕೆ ಮೊದಲು ಜಡೆಯ ಉದ್ದಕ್ಕೆ, ತುದಿಗೆ ಎಣ್ಣೆ ಹಚ್ಚಿದರೆ ಲಾಭ ಇದೆ. ಹೊಟ್ಟು ಇರುವ ನೆತ್ತಿಗೆ ಇಲ್ಲ. ಎಣ್ಣೆ ಹಚ್ಚಿದರೆ ಹೊಸ ಕೂದಲು ಹುಟ್ಟುತ್ತದೆ ಎನ್ನುವುದಕ್ಕಂತೂ ಗಟ್ಟಿ ಆಧಾರವಿಲ್ಲ. ಗರುಗದ ಎಣ್ಣೆಯ ಘಮ ನನಗೂ ಇಷ್ಟ, ಆದರೆ ಅದು ಬೇರೆ ಮಾತು.

ಹಿಂದಿನವರ ಪದ್ಧತಿಯನ್ನೂ ಸರಿಯಾಗಿ ನೋಡಬೇಕು. ದೀಪಾವಳಿಯ ಬೂರೆ ಹಬ್ಬದ ದಿನ ನಸುಕಿನಲ್ಲಿ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಕೂರಿಸಿ, ಹಂಡೆಯ ಬಿಸಿನೀರಲ್ಲಿ ಅಂಟುವಾಳವೋ ಸೀಗೆಯೋ ಹಾಕಿ ತಿಕ್ಕಿಬಿಡುತ್ತಿದ್ದರು. ಹಚ್ಚುವುದೂ ತೊಳೆಯುವುದೂ ಒಂದೇ ಬೆಳಿಗ್ಗೆ. ಎಣ್ಣೆ ತಲೆಯಲ್ಲೇ ಎರಡು ದಿನ ಓಡಾಡುವುದು ಎಲ್ಲಿಂದ ಬಂತೋ ಗೊತ್ತಿಲ್ಲ.

ಸೀಗೆ, ಅಂಟುವಾಳ ಎರಡರಲ್ಲೂ ನೊರೆ ಬರಿಸುವ ಸ್ಯಾಪೊನಿನ್ ಇದೆ. ಜಿಡ್ಡು ತೆಗೆಯುತ್ತವೆ, ಸೋಪಿನಷ್ಟು ಒರಟಲ್ಲ. ಕಣ್ಣಿಗೆ ಬಿದ್ದರೆ ಮಾತ್ರ ಪ್ರಾಣ ಹೋಗುತ್ತದೆ, ಅಂಟುವಾಳದ ಉರಿ ಬಾಲ್ಯದಲ್ಲಿ ಅನುಭವಿಸದವರು ನಮ್ಮ ಕಡೆ ಕಡಿಮೆ. ದಾಸವಾಳ ಸೊಪ್ಪಿನ ಗಂಪು, ಮತ್ತಿ ಸೊಪ್ಪಿನ ಗಂಪು ಇವುಗಳ ಜಾತಿ ಬೇರೆ. ಅದು ಲೋಳೆ. ಎಳೆಯ ಮೇಲೆ ತೆಳ್ಳಗೆ ಹರಡಿ ಜಾರುವ ಹಾಗೆ ಮಾಡುತ್ತದೆ, ಇವತ್ತಿನ ಕಂಡಿಷನರಿನ ಕೆಲಸ. ಗಂಪನ್ನೇ ನಂಬಿ ನೆತ್ತಿಯ ಜಿಡ್ಡು ಹೋಯಿತು ಅಂದುಕೊಂಡರೆ ಹೊಟ್ಟು ಅಲ್ಲೇ ಕೂತಿರುತ್ತದೆ.

ಹೊಟ್ಟಿಗೆ ಈಗ ನಾನು ಮಾಡುವುದು ಸರಳ. ಫಂಗಸ್ ಹತೋಟಿಗೆ ತರುವ ಶಾಂಪೂ: ಕೀಟೋಕೊನಝೋಲ್, ಸೆಲೀನಿಯಂ ಸಲ್ಫೈಡ್ ಅಥವಾ ಝಿಂಕ್ ಪೈರಿಥಿಯೋನ್, ಇವುಗಳಲ್ಲಿ ಒಂದು ಇರುವಂಥದ್ದು. ಶೇಕಡಾ 2ರ ಕೀಟೋಕೊನಝೋಲ್ ಆದರೆ ವಾರಕ್ಕೆ 2 ಸಲ, 2ರಿಂದ 4 ವಾರ. ಎಲ್ಲರೂ ತಪ್ಪುವುದು ಒಂದೇ ಕಡೆ, ಹಚ್ಚಿದ ತಕ್ಷಣ ತೊಳೆದುಬಿಡುತ್ತಾರೆ. ನೆತ್ತಿಗೆ ತಾಗಿಸಿ 3ರಿಂದ 5 ನಿಮಿಷ ಬಿಡಬೇಕು. ಅದು ಚರ್ಮದ ಔಷಧ, ಜಡೆಗೆ ಬಳಿದು ಪ್ರಯೋಜನವಿಲ್ಲ. ಕಡಿಮೆಯಾದ ಮೇಲೆ ವಾರಕ್ಕೋ ಎರಡು ವಾರಕ್ಕೋ ಒಂದು ಸಲ ಸಾಕು. ಪೂರ್ತಿ ಬಿಟ್ಟರೆ ಮತ್ತೆ ಬರುತ್ತದೆ, ಯಾಕೆಂದರೆ ಆ ಫಂಗಸ್ ನಮ್ಮ ತಲೆಯ ಕಾಯಂ ಬಾಡಿಗೆದಾರ. ಲಿಂಬೆರಸ ತಿಕ್ಕುವವರಿದ್ದಾರೆ. ಕೆರೆದು ಗಾಯವಾದ ನೆತ್ತಿಗೆ ಅದನ್ನು ಹಾಕಿದರೆ ಉರಿಯುವುದು ಬಿಟ್ಟು ಬೇರೇನೂ ಆಗುವುದಿಲ್ಲ.

ಎಲ್ಲ ಬಿಳಿ ಹುಡಿಯೂ ಹೊಟ್ಟಲ್ಲ ಅನ್ನುವುದನ್ನೂ ಹೇಳಬೇಕು. ದಪ್ಪ ಬೆಳ್ಳಿ ಬಣ್ಣದ ಪದರ ಕೂದಲ ಗಡಿ ದಾಟಿ ಹಣೆಗೆ ಬಂದಿದ್ದರೆ, ಮೊಣಕೈ ಮೊಣಕಾಲಲ್ಲೂ ಅಂಥದ್ದೇ ಇದ್ದರೆ ಸೋರಿಯಾಸಿಸ್ ಇರಬಹುದು. ಇದು ಅಂಟುವ ರೋಗವಲ್ಲ, ಆದರೆ ಶಾಂಪೂ ಒಂದರಿಂದಲೇ ಹೋಗುವುದೂ ಇಲ್ಲ. ಇನ್ನು ಮಕ್ಕಳ ವಿಷಯ. ಪ್ರೈಮರಿ ಶಾಲೆಯ ವಯಸ್ಸಿನಲ್ಲಿ ತಲೆಯ ಚರ್ಮ ಅಷ್ಟು ಜಿಡ್ಡು ಸುರಿಸುವುದೇ ಇಲ್ಲ, ಹಾಗಾಗಿ ಆ ವಯಸ್ಸಿನಲ್ಲಿ ಹೊಟ್ಟು ಅಪರೂಪ. ಮಗುವಿನ ತಲೆಯಲ್ಲಿ ಒಂದು ಕಡೆ ಹುಡಿ ಎದ್ದು, ಅಲ್ಲಿಯ ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕಿಯ ಹಾಗೆ ಕಂಡರೆ ಅದು ಹುಳುಕಡ್ಡಿ ಇರುವ ಸಾಧ್ಯತೆ ಜಾಸ್ತಿ. ಹಣಿಗೆ, ಟೋಪಿ, ಟವೆಲ್ ಮೂಲಕ ಅಣ್ಣನಿಂದ ತಂಗಿಗೆ ಹೋಗುತ್ತದೆ. ಇದು ಬೇರೆಯೇ ಫಂಗಸ್, ಕೂದಲ ಬುಡದೊಳಗೆ ಸೇರಿರುವುದರಿಂದ ಮೇಲಿಂದ ಮುಲಾಮು ಹಚ್ಚಿದರೆ ಸಾಲದು, ಕೆಲವು ವಾರ ಹೊಟ್ಟೆಗೆ ಮಾತ್ರೆ ಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ ಸ್ಟಿರಾಯ್ಡ್ ಬೆರೆತ ಕ್ರೀಮು ಇನ್ನೂ ಕೆಟ್ಟದು. ತುರಿಕೆ ಎರಡೇ ದಿನದಲ್ಲಿ ನಿಲ್ಲುತ್ತದೆ, ಒಳಗೆ ರೋಗ ಹರಡುತ್ತಲೇ ಇರುತ್ತದೆ. ತಡ ಮಾಡಿ ಅದು ಕೀವು ತುಂಬಿದ ಗಡ್ಡೆಯಾದರೆ ಅಲ್ಲಿ ಮತ್ತೆ ಕೂದಲು ಬಾರದೇ ಉಳಿದೀತು.

ಹೊಟ್ಟಿನ ನಂತರ ಹೆಚ್ಚು ಜನ ಗಾಬರಿಯಾಗುವುದು ಕೂದಲು ಉದುರುವುದಕ್ಕೆ. ಇಲ್ಲಿ ಸ್ವಲ್ಪ ಲೆಕ್ಕ ತಿಳಿದರೆ ಅರ್ಧ ಹೆದರಿಕೆ ಇಳಿಯುತ್ತದೆ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತವೆ. ಒಂದೊಂದೂ 2ರಿಂದ 6 ವರ್ಷ, ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರಿನ ಹಾಗೆ ಬೆಳೆಯುತ್ತದೆ. ಆಮೇಲೆ ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಂತು, ಸುಮಾರು 3 ತಿಂಗಳು ಸುಮ್ನೆ ಕೂತಿದ್ದು ಉದುರುತ್ತದೆ. ಅದೇ ಬುಡದಿಂದ ಹೊಸದು ಬರುತ್ತದೆ. ಎಲ್ಲವೂ ಒಟ್ಟಿಗೆ ಉದುರುವುದಿಲ್ಲ, ಒಂದೊಂದರ ಸರದಿ ಒಂದೊಂದು ದಿನ. ಹೀಗೆ ದಿನಕ್ಕೆ 50ರಿಂದ 100 ಹೋಗುವುದು ಮಾಮೂಲು. ವಾರಕ್ಕೊಮ್ಮೆ ತಲೆಸ್ನಾನ ಮಾಡುವವರಿಗೆ ಆ ವಾರದ ಬಾಕಿಯೆಲ್ಲ ಭಾನುವಾರ ಬಚ್ಚಲಿನಲ್ಲೇ ಕಾಣುತ್ತದೆ. “ಶಾಂಪೂ ಹಾಕಿದ್ದಕ್ಕೆ ಉದುರಿತು” ಅಂತ ಹೆದರಿ ಮುಂದಿನ ವಾರ ಸ್ನಾನವನ್ನೇ ಬಿಟ್ಟರೆ ಅದರ ಮುಂದಿನ ವಾರ ಎರಡರಷ್ಟು ಕಾಣುತ್ತದೆ, ಅಲ್ವಾ?

ಉದುರಿದ ಕೂದಲಿನ ಕೊನೆಯಲ್ಲಿ ಸಣ್ಣ ಬಿಳಿ ಗುಂಡು ಇರುತ್ತದೆ. ಅದನ್ನು ನೋಡಿ “ಬೇರು ಸಮೇತ ಬಂತು” ಎನ್ನುತ್ತಾರೆ. ಅದು ಬೇರಲ್ಲ. ಬೆಳೆದು ಮುಗಿದ ಕೂದಲಿನ ಒಣಗಿದ ತುದಿ, ಅಡಿಕೆ ಮರದಿಂದ ತಾನಾಗಿ ಕಳಚಿಬಿದ್ದ ಹಾಳೆಯ ಬುಡ ಇದ್ದ ಹಾಗೆ. ಹುಟ್ಟಿಸುವ ಬುಡ ಚರ್ಮದೊಳಗೇ ಭದ್ರವಾಗಿದೆ.

ಕೆಲವು ಸಲ ಮಾತ್ರ ಈ ಸರದಿ ಕೆಡುತ್ತದೆ. ಮೈಗೆ ದೊಡ್ಡ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಒಟ್ಟಿಗೆ ಕೆಲಸ ನಿಲ್ಲಿಸಿ ಕೂತುಬಿಡುತ್ತವೆ. ಡೆಂಗಿ, ಟೈಫಾಯ್ಡ್, ಸಿದ್ದಾಪುರ ಕಡೆಯವರಿಗೆ ಮಂಗನ ಕಾಯಿಲೆ, ಯಾವ ಜೋರು ಜ್ವರವಾದರೂ ಸರಿ. ಆಪರೇಷನ್, ಹೆರಿಗೆ, ಊಟ ಬಿಟ್ಟು ತೂಕ ಇಳಿಸುವುದು, ಮನಸ್ಸಿಗೆ ದೊಡ್ಡ ಆಘಾತ, ಇವೂ ಇದೇ ಲೆಕ್ಕ. ಉದುರುವುದು ಅವತ್ತಲ್ಲ, 2-3 ತಿಂಗಳು ಕಳೆದು. ಅಷ್ಟರಲ್ಲಿ ಜ್ವರ ಮರೆತೇಹೋಗಿರುತ್ತದೆ. ಅದೇ ವಾರ ಬದಲಿಸಿದ ಶಾಂಪೂ ಮೇಲೋ, ಹೊಸ ಬಾಡಿಗೆ ಮನೆಯ ನೀರಿನ ಮೇಲೋ ತಪ್ಪು ಹೊರಿಸುತ್ತೇವೆ. ನಮ್ಮ ಅತ್ತಿಗೆಗೆ ಹೆರಿಗೆಯಾಗಿ ನಾಲ್ಕನೇ ತಿಂಗಳಲ್ಲಿ ಹಿಡಿ ಹಿಡಿ ಕೂದಲು ಬಂತು. “ಮಗು ನಗಲು ಶುರುಮಾಡಿದರೆ ತಾಯಿಯ ಕೂದಲು ಹೋಗುತ್ತದೆ” ಎಂದು ಅಮ್ಮಮ್ಮ ಸಮಾಧಾನ ಮಾಡಿದರು. ಕಾರಣ ನಗುವಲ್ಲ. ಬಸಿರಲ್ಲಿ ಈಸ್ಟ್ರೋಜನ್ ಜಾಸ್ತಿ ಇದ್ದು ಉದುರಬೇಕಾದ ಕೂದಲನ್ನೂ ಹಿಡಿದಿಟ್ಟಿರುತ್ತದೆ, ಹೆರಿಗೆಯ ನಂತರ ಅದು ಇಳಿದಾಗ ಬಾಕಿ ಎಲ್ಲ ಒಟ್ಟಿಗೆ ತೀರುತ್ತದೆ. ಆದರೆ ಅಮ್ಮಮ್ಮನ ಸಮಯದ ಲೆಕ್ಕ ಕರಾರುವಾಕ್ಕು. ಈ ಬಗೆಯ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ತಗ್ಗುತ್ತದೆ. ಅಷ್ಟರಲ್ಲಿ ಯಾವ ಎಣ್ಣೆ ಹಚ್ಚುತ್ತಿದ್ದೆವೋ ಅದಕ್ಕೆ ಪುಕ್ಕಟೆ ಹೆಸರು ಬರುತ್ತದೆ.

ಆರು ತಿಂಗಳಾದರೂ ನಿಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವ ಹೆಂಗಸರಲ್ಲಿ ಕಬ್ಬಿಣದ ಕೊರತೆ ಸಾಮಾನ್ಯ. ಹಿಮೋಗ್ಲೋಬಿನ್ ಸರಿ ಇದ್ದರೂ ಕೂಡಿಟ್ಟ ಕಬ್ಬಿಣ ಖಾಲಿಯಾಗಿರಬಹುದು, ಅದು ಗೊತ್ತಾಗುವುದು ಫೆರಿಟಿನ್ ಪರೀಕ್ಷೆಯಲ್ಲಿ. ಥೈರಾಯ್ಡ್ ಕೂಡ ನೋಡಿಸಬೇಕು. ಹರಿವೆ, ಹುರುಳಿ ತಿಂದ ಕೂಡಲೇ ಚಹಾ ಕುಡಿಯುವ ನಮ್ಮ ಅಭ್ಯಾಸ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ಊಟದ ಜೊತೆ ಒಂದು ಹೋಳು ಲಿಂಬೆ ಹಿಂಡಿದರೆ ಹತ್ತುತ್ತದೆ. ಲಿಂಬೆಗೆ ಸರಿಯಾದ ಜಾಗ ನೆತ್ತಿಗಿಂತ ಬಟ್ಟಲು. ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಈಗ ಎಲ್ಲರ ಮನೆಯಲ್ಲೂ ಇದೆ. ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬರುತ್ತದೆ ಎನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ. ಆದರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೂ, ಹೃದಯಾಘಾತ ಪತ್ತೆಮಾಡುವ ಟ್ರೋಪೊನಿನ್ ಪರೀಕ್ಷೆಯನ್ನೂ ಅದು ತಪ್ಪಾಗಿ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ತಿನ್ನುತ್ತಿದ್ದರೆ ರಕ್ತ ಕೊಡುವ ಮೊದಲು ಹೇಳಿ.

ಗಂಡಸರ ಬೋಳಿಗೆ ಇದ್ಯಾವುದೂ ಕಾರಣವಲ್ಲ. ಅಲ್ಲಿ ಡಿಎಚ್‌ಟಿ ಎಂಬ ಹಾರ್ಮೋನಿಗೆ ಹಣೆಯ ಅಂಚು, ನೆತ್ತಿಯ ಬುಡಗಳು ವಂಶದಿಂದಲೇ ಸೂಕ್ಷ್ಮವಾಗಿರುತ್ತವೆ. ಪ್ರತಿ ಸರದಿಗೂ ಕೂದಲು ಇನ್ನಷ್ಟು ತೆಳ್ಳಗೆ, ಗಿಡ್ಡಗೆ ಹುಟ್ಟಿ ಕೊನೆಗೆ ರೋಮದಂತಾಗುತ್ತದೆ. ಹೆಂಗಸರಲ್ಲಿ ಬೈತಲೆ ಅಗಲವಾಗುತ್ತಾ ಹೋಗುವುದೂ ಹೆಚ್ಚಾಗಿ ಇದೇ ಬಗೆ. ಹೆಲ್ಮೆಟ್ ಹಾಕಿದ್ದಕ್ಕೆ ಬೋಳಾಯಿತು ಎನ್ನುವುದು ನೆಪ, ದಯವಿಟ್ಟು ಹೆಲ್ಮೆಟ್ ಹಾಕಿ. ತಾಯಿಯ ತಂದೆಯ ತಲೆ ಒಂದನ್ನೇ ನೋಡಿ ಭವಿಷ್ಯ ಹೇಳುವುದೂ ಸರಿಯಲ್ಲ, ಎರಡೂ ಕಡೆಯಿಂದ ಬರುತ್ತದೆ. ಮುಡಿ ಕೊಟ್ಟು ಬಂದರೆ ದಟ್ಟವಾಗಿ ಬರುತ್ತದೆ ಎನ್ನುವುದು ಕಣ್ಣಿನ ಭ್ರಮೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ದಪ್ಪ ಅನ್ನಿಸುತ್ತದೆ ಅಷ್ಟೇ.

ಈ ಬಗೆಯ ಬೋಳಿಗೆ ಔಷಧ ಇದೆ. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆಯಾಗಿತ್ತು. ನುಂಗಿದವರಿಗೆ ಮೈಮೇಲೆಲ್ಲ ರೋಮ ಬಂದದ್ದು ನೋಡಿ ತಲೆಗೆ ಹಚ್ಚುವ ದ್ರವ ಮಾಡಿದರು, 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲ ವಾರಗಳಲ್ಲಿ ಉದುರುವುದು ಜಾಸ್ತಿಯಾಗಬಹುದು, ಬಹಳ ಜನ ಅಲ್ಲೇ ಬಾಟಲಿ ಎಸೆಯುತ್ತಾರೆ. 4ರಿಂದ 6 ತಿಂಗಳು ಹಚ್ಚದೆ ಏನೂ ಹೇಳಲು ಬರುವುದಿಲ್ಲ. ನಿಲ್ಲಿಸಿದರೆ ಬಂದದ್ದು ಹೋಗುತ್ತದೆ. ಗಂಡಸರಿಗೆ ಫಿನಾಸ್ಟರೈಡ್ ಮಾತ್ರೆಯೂ ಇದೆ, ಡಾಕ್ಟರನ್ನು ಕೇಳದೆ ಬೇಡ. ಬಸಿರಾಗುವ ಸಾಧ್ಯತೆ ಇರುವ ಹೆಂಗಸರು ಅದನ್ನು ತೆಗೆದುಕೊಳ್ಳಲೇಬಾರದು.

ನಾಣ್ಯದಷ್ಟು ಜಾಗದಲ್ಲಿ, ಹುಡಿಯಿಲ್ಲದೆ, ನುಣ್ಣಗೆ ಕೂದಲು ಹೋದರೆ ಹುಳ ತಿಂದಿದೆ ಎನ್ನುತ್ತಾರೆ. ಯಾವ ಹುಳವೂ ಇಲ್ಲ. ನಮ್ಮದೇ ರೋಗನಿರೋಧಕ ಪಡೆ ಕೂದಲ ಬುಡವನ್ನು ಪರಕೀಯ ಅಂತ ತಿಳಿದು ದಾಳಿ ಮಾಡುವುದು, ಅಲೋಪೇಷಿಯಾ ಏರಿಯಾಟಾ ಅಂತ ಹೆಸರು. ಸಣ್ಣದಿದ್ದರೆ ಎಷ್ಟೋ ಸಲ ತಾನಾಗಿಯೇ ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ತಿಕ್ಕಿ ಚರ್ಮ ಸುಟ್ಟುಕೊಳ್ಳುವ ಬದಲು ಡಾಕ್ಟರಿಗೆ ತೋರಿಸುವುದು ಮೇಲು.

ಹೇನಿನ ವಿಷಯಕ್ಕೆ ನಾಚಿಕೆ ಬೇಡ. ಅದು ಕೊಳಕಿಗೆ ಬರುವುದಲ್ಲ, ತಲೆಗೆ ತಲೆ ತಾಗಿ ಬರುವುದು. ಹಾರುವುದಿಲ್ಲ, ಜಿಗಿಯುವುದಿಲ್ಲ, ನಡೆಯುತ್ತದೆ. ತಲೆ ಬಿಟ್ಟರೆ ಒಂದೆರಡು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಸೀರು ಒಡೆಯಲು ಸುಮಾರು 7ರಿಂದ 10 ದಿನ ಬೇಕು. ಶೇಕಡಾ 1ರ ಪರ್ಮೆಥ್ರಿನ್ ಲೋಷನ್ ಹೇನು ಕೊಂದರೂ ಸೀರು ಉಳಿಯುತ್ತದೆ. ಅದಕ್ಕೇ 7-10 ದಿನ ಬಿಟ್ಟು ಇನ್ನೊಮ್ಮೆ ಹಚ್ಚಬೇಕು. ಎರಡನೇ ಸಲ ಮರೆತು “ಔಷಧ ಹಿಡಿಯಲಿಲ್ಲ” ಅನ್ನುವವರೇ ಜಾಸ್ತಿ. ಒದ್ದೆ ಕೂದಲಿಗೆ ಕಂಡಿಷನರ್ ಹಚ್ಚಿ ಸಣ್ಣ ಹಲ್ಲಿನ ಹಣಿಗೆಯಲ್ಲಿ ಎರಡು ವಾರ, ಎರಡು ಮೂರು ದಿನಕ್ಕೊಮ್ಮೆ ಬಾಚಿದರೂ ಬಹಳಷ್ಟು ಬರುತ್ತದೆ. ಮನೆಯವರೆಲ್ಲರ ತಲೆಯನ್ನೂ ಒಂದೇ ದಿನ ನೋಡಬೇಕು. ಸೀಮೆಎಣ್ಣೆ ಖಂಡಿತ ಬೇಡ. ಚರ್ಮ ಸುಡುತ್ತದೆ, ಒಲೆಯ ಹತ್ತಿರ ಹೋದರೆ ತಲೆಗೇ ಬೆಂಕಿ ಹತ್ತುತ್ತದೆ.

ಬಣ್ಣದ ಬಗ್ಗೆ ಒಂದೇ ಮಾತು. ಬರೀ ಮದರಂಗಿ ಕೂದಲನ್ನು ಕೆಂಪು ಮಾಡುತ್ತದೆ, ಕಪ್ಪಲ್ಲ. “ಕಪ್ಪು ಮೆಹಂದಿ” ಎಂದು ಮಾರುವ ಪುಡಿಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಅದು ಒಗ್ಗದವರಿಗೆ ಮುಖ ಊದಿ ಕಣ್ಣು ಮುಚ್ಚಿಹೋಗುತ್ತದೆ. ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾದು ನೋಡಿ.

ನೀರಿನ ದೂರು ಮಾತ್ರ ಪೂರ್ತಿ ಸುಳ್ಳಲ್ಲ. ಕರಾವಳಿಯಲ್ಲಿ ಬೇಸಿಗೆ ಬಂತೆಂದರೆ ಸಮುದ್ರಕ್ಕೆ ಹತ್ತಿರದ ಬಾವಿಗಳು ಸವಳಾಗುತ್ತವೆ, ಕೆಲವು ಬೋರ್‌ವೆಲ್ ನೀರು ಗಡಸು. ನಲ್ಲಿಯ ಬಾಯಿಗೆ ಬಿಳಿ ಪದರ ಕಟ್ಟಿದರೆ, ಸೋಪು ನೊರೆ ಬಾರದಿದ್ದರೆ ಗಡಸು ಎಂದು ತಿಳಿಯಿರಿ. ಅದು ಕೂದಲನ್ನು ಒರಟು ಮಾಡುತ್ತದೆ, ಹಂಚಿಗೆ ಮಣ್ಣು ಮೆತ್ತಿದ ಹಾಗೆ. ಆದರೆ ಬುಡದಿಂದ ಕೂದಲು ಉದುರಿಸುವುದಿಲ್ಲ. ಕೊನೆಯ ಒಂದು ಬಕೆಟ್‌ಗಾದರೂ ಒಳ್ಳೆಯ ನೀರು ಹಾಕಿಕೊಂಡರೆ ಸಾಕು. ಮಳೆಗಾಲದಲ್ಲಿ ಸೂರಿನ ನೀರು ಹಿಡಿಯುವವರ ಜಾಣತನ ಇದರಲ್ಲಿದೆ, ಮಳೆನೀರಿನಷ್ಟು ಮೆದು ನೀರು ಇನ್ನೊಂದಿಲ್ಲ. ಮೊದಲ ನಾಲ್ಕು ಮಳೆ ಬಿಟ್ಟು ಹಿಡಿಯಿರಿ, ಮಾಡಿನ ಮೇಲೆ ಕಾಗೆಗಳೂ ಇರುತ್ತವೆ.

ತಿಂಗಳು ಸರಿಯಾಗಿ ಶಾಂಪೂ ಹಾಕಿದರೂ ತಗ್ಗದ ಹೊಟ್ಟು, ಕೀವು, ನೋವು, ಮಗುವಿನ ತಲೆಯಲ್ಲಿ ಬೋಳು ಜಾಗ, ಕೂದಲು ಹೋದ ಕಡೆ ಚರ್ಮ ಕಲೆಗಟ್ಟಿ ಹೊಳೆಯುವುದು, ಇವಕ್ಕೆಲ್ಲ ಚರ್ಮದ ಡಾಕ್ಟರೇ ಬೇಕು. ಕಲೆಗಟ್ಟಿದರೆ ತಡಮಾಡುವ ಹಾಗಿಲ್ಲ, ಅಲ್ಲಿಯ ಬುಡ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಶಿರಸಿಯವರು ಹುಬ್ಬಳ್ಳಿಗೂ, ಭಟ್ಕಳದವರು ಮಣಿಪಾಲಕ್ಕೂ ಹೋಗುತ್ತಾರೆ. ಎಲ್ಲಿಗೆ ಹೋದರೂ ಹಚ್ಚಿದ ಎಣ್ಣೆ, ಕ್ರೀಮುಗಳ ಬಾಟಲಿ, ಟ್ಯೂಬು ಜೊತೆಗಿರಲಿ. ಕಳೆದ ಆರು ತಿಂಗಳಲ್ಲಿ ಬಂದ ಜ್ವರ, ನುಂಗಿದ ಮಾತ್ರೆ ನೆನಪು ಮಾಡಿಕೊಂಡು ಹೋಗಿ. ಹಿಂದಿನ ದಿನ ತಲೆ ತೊಳೆದು, ಎಣ್ಣೆ ಹಚ್ಚದೆ ಹೋಗಿ. ನಾನು ಮೊದಲ ಸಲ ತಲೆ ತುಂಬ ಎಣ್ಣೆ ಹಾಕಿ, ಬಿಗಿಯಾಗಿ ಜಡೆ ಹೆಣೆದು, ಮೇಲೊಂದು ಅಬ್ಬಲಿಗೆ ದಂಡೆ ಮುಡಿದು ಹೋಗಿದ್ದೆ. ಡಾಕ್ಟರಮ್ಮ ಟಾರ್ಚು ಹಿಡಿದು ಎರಡು ನಿಮಿಷ ಹುಡುಕಿ, “ಹೂವು ಚೆನ್ನಾಗಿದೆ, ತಲೆ ತೊಳೆದುಕೊಂಡು ನಾಳೆ ಬನ್ನಿ” ಅಂದರು.